ನಮ್ಮ ತೊಗರಿಗೂ ಬಿಸಿಲಾಗುತ್ತದೆ

ತೊಗರಿ ಅಂದರೆ ನಮ್ಮ ಲೆಪರ್ಡ್ ಗೆಕ್ಕೊ. ಕಲಬುರಗಿಯಲ್ಲಿ ಇದಕ್ಕಿಂತ ಒಳ್ಳೆ ಹೆಸರು ನನಗೆ ಹೊಳೆಯಲಿಲ್ಲ. ಬಂದವರೆಲ್ಲ "ಹಲ್ಲಿ ಸಾಕೀರೇನ್ರಿ?" ಅಂತ ಕೇಳುತ್ತಾರೆ. ಹಲ್ಲಿ ಬಳಗವೇ ಹೌದು. ಆದರೆ ಇದಕ್ಕೆ ಕಣ್ಣರೆಪ್ಪೆ ಇದೆ, ಗೋಡೆ ಹತ್ತಲು ಬರುವುದಿಲ್ಲ. ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಒಣ ಕಲ್ಲುಭೂಮಿ.

"ಹಂಗಾದ್ರ ನಮ್ಮ ಬಿಸಿಲು ಅದಕ್ಕ ಯಾವ ಲೆಕ್ಕ ಬಿಡು" ಅಂದರು ನಮ್ಮ ಕಾಕು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ ಇದು ಹಗಲೆಲ್ಲ ಕಲ್ಲಿನ ಸಂದಿಯಲ್ಲೋ ಬಿಲದಲ್ಲೋ ಅಡಗಿದ್ದು, ಹೊತ್ತು ಮುಳುಗಿದ ಮೇಲೆ ಹೊರಬರುವ ಪ್ರಾಣಿ. ಗಾಜಿನ ಪೆಟ್ಟಿಗೆಯಲ್ಲಿ ಆ ಬಿಲದ ತಂಪು ಎಲ್ಲಿಂದ ಬರಬೇಕು?

ಯೂಟ್ಯೂಬ್‌ನಲ್ಲಿ ಹೇಳುವವರು ಜಾಸ್ತಿ ಚಳಿ ದೇಶದವರು. ಪೆಟ್ಟಿಗೆಯ ಒಂದು ಬದಿ 30-32 ಡಿಗ್ರಿ, ಇನ್ನೊಂದು ಬದಿ 25ರ ಆಸುಪಾಸು ಇರಲಿ ಅನ್ನುತ್ತಾರೆ. ಸರಿಯೇ. ಆದರೆ ಬಿಸಿ ಮಾಡುವುದು ಅವರ ಚಿಂತೆ, ತಂಪು ಮಾಡುವುದು ನಮ್ಮದು. ಹೊರಗೆ 42 ಇದ್ದಾಗ ಒಳಗೆ 25 ಎಲ್ಲಿ ಹುಡುಕಲಿ? ಹೋಳಿ ಮುಗಿದರೆ ಪೆಟ್ಟಿಗೆ ಬೆಚ್ಚಗಿಡುವ ಹೀಟ್ ಮ್ಯಾಟ್ ಅಟ್ಟಕ್ಕೆ ಹೋಗುತ್ತದೆ. ಪೆಟ್ಟಿಗೆ ಮಹಡಿಯಿಂದ ಕೆಳಗಿನ ನಡುಮನೆಗೆ ಬರುತ್ತದೆ. ಒಳಗೆ ಶಹಾಬಾದ್ ಕಲ್ಲಿನ ಒಂದು ತುಂಡು ಹಾಕಿದ್ದೇನೆ. ಮಧ್ಯಾಹ್ನ ತೊಗರಿ ಹೊಟ್ಟೆ ಊರಿ ಅದರ ಮೇಲೇ ಮಲಗಿರುತ್ತಾಳೆ.

ಅವಳಿಗೆ ತ್ರಾಸಾದಾಗ ಮೊದಲು ಕಾಣುವುದು ಗಾಜು ಕೆರೆಯುವುದು. ಎರಡು ಕಾಲ ಮೇಲೆ ನಿಂತು ಗಾಜನ್ನು ಕೆರೆದೇ ಕೆರೆಯುತ್ತಾಳೆ. ಇದನ್ನು ನೋಡುವಾಗ ಹೊತ್ತು ಮುಖ್ಯ. ಸಂಜೆ ಸ್ವಲ್ಪ ಓಡಾಡಿದರೆ ಅದು ಸಹಜ. ಮಟಮಟ ಮಧ್ಯಾಹ್ನ, ಅದೂ ತಂಪು ಬದಿಯಲ್ಲೇ ಕೆರೆಯುತ್ತಿದ್ದರೆ ನಾನು ಮೊದಲು ಥರ್ಮಾಮೀಟರ್ ನೋಡುತ್ತೇನೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ ನೋಡುತ್ತಾ ಕೂರುವ ಮಾತೇ ಇಲ್ಲ, ತಕ್ಷಣ ತಂಪಾದ ಕೋಣೆಗೆ ಒಯ್ಯಬೇಕು. ಐಸ್ ನೀರು ಮಾತ್ರ ಸುರಿಯಬೇಡಿ. ಸೆಖೆ ಇಲ್ಲದೆಯೂ ಕೆರೆಯುವುದುಂಟು. ಹೊಸ ಜಾಗ, ಗಾಜಿನಲ್ಲಿ ಕಾಣುವ ತನ್ನದೇ ನೆರಳು, ಅಡಗಲು ಮರೆ ಇಲ್ಲದಿರುವುದು, ಯಾವುದೂ ಕಾರಣ ಆಗಬಹುದು. ಗಾಜಿನ ಮೂರು ಬದಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಬಾಲದ ಭಾಷೆ ಬೇರೆ. ಪಕ್ಕದ ಮನೆ ಹುಡುಗರು "ನಾಯಿ ಹಂಗ ಬಾಲ ಆಡಸ್ತೈತಿ, ಖುಷಿ ಆಗ್ಯಾದ" ಅಂತ ಕೈ ಹಾಕಲು ಹೋಗುತ್ತಾರೆ. ಬಾಲ ಎತ್ತಿ ನಿಧಾನಕ್ಕೆ ಅತ್ತಿತ್ತ ತೂಗಿದರೆ ಅದು ಹೆದರಿಕೆ, "ಹತ್ತಿರ ಬರಬೇಡ" ಅಂತ. ಬಾಲದ ತುದಿ ಮಾತ್ರ ಪಟಪಟ ನಡುಗಿದರೆ ಸಾಮಾನ್ಯವಾಗಿ ಅದು ಬೇಟೆಯ ಉತ್ಸಾಹ, ಎದುರಿಗೆ ಮಿಡತೆಯೋ ಹುಳವೋ ಇರುತ್ತದೆ. ಜಾಸ್ತಿ ಹೆದರಿಸಿದರೆ ಬಾಲವನ್ನೇ ಕಳಚಿ ಹಾಕುತ್ತದೆ. ಮತ್ತೆ ಬೆಳೆಯುತ್ತದೆ, ಆದರೆ ಮೊದಲಿನ ಅಂದ ಬರುವುದಿಲ್ಲ. ಕೊಬ್ಬು ಹೆಚ್ಚಾಗಿ ಇರುವುದು ಬಾಲದಲ್ಲೇ, ಅದನ್ನು ಕಳೆದುಕೊಂಡರೆ ಕೂಡಿಟ್ಟಿದ್ದೆಲ್ಲ ಹೋದ ಹಾಗೆ.

ಬರೀ ಊಟ ಬಿಟ್ಟರೆ ನಾನು ಗಾಬರಿ ಆಗುವುದಿಲ್ಲ. ಪೊರೆ ಬಿಡುವ ಮುಂಚೆ ಮೈ ಬೆಳ್ಳಗೆ ಮಂಕಾಗಿ, ಊಟ ಬೇಡ ಅನ್ನುತ್ತಾಳೆ. ಅದು ಮಾಮೂಲಿ. ಊಟವೂ ಇಲ್ಲ, ಬಾಲವೂ ತೆಳುವಾಗುತ್ತಿದೆ ಅಂದರೆ ಮಾತು ಬೇರೆ. ಅದಕ್ಕೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಡಬ್ಬಿ ಇಟ್ಟು ವಾರಕ್ಕೊಮ್ಮೆ ತೂಗುತ್ತೇನೆ. ಅವ್ವ ಈಗ ಬೇರೆ ತಕ್ಕಡಿ ತಂದಿದ್ದಾಳೆ.

ಅವಳ ತ್ರಾಸಿಗೆ ಇನ್ನೊಂದು ಕಾರಣ ಯಾರೂ ಹೇಳುವುದಿಲ್ಲ, ಅದುರುವಿಕೆ. ಮದುವೆ ಮೆರವಣಿಗೆಯ ಡಿಜೆ ನಮ್ಮ ಓಣಿಯಲ್ಲಿ ಹಾಯ್ದರೆ ಕಿಟಕಿಯೇ ನಡುಗುತ್ತದೆ. ಅದನ್ನು ನಿಲ್ಲಿಸಲು ನನ್ನಿಂದಾಗದು. ಆದರೆ ಅದುರುವ ಕೂಲರ್ ಪಕ್ಕದಿಂದ ಪೆಟ್ಟಿಗೆ ಸರಿಸುವುದು ನನ್ನ ಕೈಯಲ್ಲಿದೆ. ತಿನ್ನದೆ ಉಳಿದ ಮಿಡತೆಗಳನ್ನೂ ರಾತ್ರಿ ತೆಗೆದುಬಿಡಿ, ಗೆಕ್ಕೊವನ್ನೇ ಕಚ್ಚುತ್ತವೆ.

ಬೆರಳಿಗೆ ಪೊರೆ ಸುತ್ತಿಕೊಂಡು ಕಪ್ಪಾದರೆ, ಕಣ್ಣು ಮುಚ್ಚಿಕೊಂಡೇ ಇದ್ದರೆ, ತೂಕ ಇಳಿಯುತ್ತಲೇ ಹೋದರೆ ಡಾಕ್ಟರ್ ಬೇಕು. ಇಲ್ಲಿ ಹೆಚ್ಚಿನವರು ದನ, ಮೇಕೆ, ನಾಯಿ ನೋಡುವವರು. ಸರೀಸೃಪ ನೋಡುತ್ತೀರಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ, ಅಲ್ಲೂ ವಿಚಾರಿಸಬಹುದು. ಹೊರಟರೆ ನಸುಕಿನಲ್ಲೇ ಹೊರಡಿ. ಡಬ್ಬಿಗೆ ತೂತು ಮಾಡಿ, ಒಳಗೆ ಬಟ್ಟೆ ಹಾಸಿ. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಒಂದು ನಿಮಿಷವೂ ಬಿಡಬೇಡಿ.