ಎಂಜಿನ್ ಬದಲಾದ ಮೇಲೆ ಸರ್ವಿಸ್ ಪುಸ್ತಕ ನಾವೇ ಬರೆಯಬೇಕು

ಪುಟ್ಟ ಹ್ಯಾಚ್‌ಬ್ಯಾಕ್‌ಗೆ ಜೋರಾದ ಎಂಜಿನ್ ಕೂರಿಸುವುದು ನಮ್ಮ ಗ್ಯಾರೇಜಿನಲ್ಲಿ ನನಗೆ ತುಂಬಾ ಇಷ್ಟದ ಕೆಲಸ. ಈ ಕೆಲಸ ಕಲಿಯಲು ಬರುವ ಹುಡುಗರಿಗೆ ಪವರ್ ಎಷ್ಟು ಬರುತ್ತೆ ಅನ್ನುವುದೇ ಮೊದಲ ಪ್ರಶ್ನೆ. ನಾನು ಮೊದಲು ಹೇಳುವುದು ಬೇರೆ. ಎಂಜಿನ್ ಬದಲಾದ ದಿನವೇ ಆ ಕಾರಿನ ಸರ್ವಿಸ್ ಪುಸ್ತಕದ ಅರ್ಧದಷ್ಟು ಪುಟಗಳು ಸುಳ್ಳಾಗುತ್ತವೆ. ಹೊಸ ಪುಟಗಳನ್ನು ನಾವೇ ಬರೆಯಬೇಕು.

1992–95ರ ಹೋಂಡಾ ಸಿವಿಕ್ ಹ್ಯಾಚ್‌ಬ್ಯಾಕ್ ತೆಗೆದುಕೊಳ್ಳಿ. ತೂಕ ಒಂದು ಟನ್ ಆಸುಪಾಸು. ಅದಕ್ಕೆ ಕೆ20ಎ ಎಂಜಿನ್ ಹಾಕುವುದು ಈಗ ಎಲ್ಲ ಕಡೆ ನಡೆಯುವ ಕೆಲಸ. 2001ರ ಇಂಟೆಗ್ರಾ ಟೈಪ್ ಆರ್‌ನಲ್ಲಿ ಬಂದ, 220 ಪಿಎಸ್ (ಅಶ್ವಶಕ್ತಿ) ಕೊಡುತ್ತಿದ್ದ ಎಂಜಿನ್ ಅದು. ಎರಡೂ ಹೋಂಡಾ ತಾನೇ, ಸುಲಭವಾಗಿ ಕೂರುತ್ತೆ ಅಂದುಕೊಳ್ಳುತ್ತಾರೆ. ಆದರೆ ಹಳೆಯ ಎಂಜಿನ್ ತಿರುಗುವುದು ಒಂದು ದಿಕ್ಕಿಗೆ, ಕೆ20 ತಿರುಗುವುದು ಅದರ ಎದುರು ದಿಕ್ಕಿಗೆ. ಹಾಗಾಗಿ ಹಳೆಯ ಗೇರ್‌ಬಾಕ್ಸ್ ಇಟ್ಟುಕೊಳ್ಳುವಂತಿಲ್ಲ, ಹೊಸದೇ ಜೊತೆಗೆ ಬರಬೇಕು. ಗೇರ್ ಲಿವರ್‌ಗೆ ರಾಡ್ ಹೋಗಿ ಕೇಬಲ್ ಬರುತ್ತದೆ. ಮುಂದೆ ಇದ್ದ ಎಕ್ಸಾಸ್ಟ್ ಹಿಂದಕ್ಕೆ ಹೋಗುತ್ತದೆ, ಹಿಂದೆ ಇದ್ದ ಇನ್‌ಟೇಕ್ ಮುಂದೆ ಬರುತ್ತದೆ. ಟೈಮಿಂಗ್ ಬೆಲ್ಟ್ ಇದ್ದ ಜಾಗದಲ್ಲಿ ಚೈನ್. ಹಳೆಯ ಪುಸ್ತಕದಲ್ಲಿ ಬೆಲ್ಟ್ ಬದಲಿಸುವ ಕಿಲೋಮೀಟರ್ ಬರೆದಿರುತ್ತದೆ. ಈ ಕಾರಿನಲ್ಲಿ ಬೆಲ್ಟೇ ಇಲ್ಲ. ಅದರ ಬದಲು ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಬೇಕು, ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮೇಲೆ ಕಣ್ಣಿಡಬೇಕು.

ಇಂಥದ್ದೇ ಒಂದು ಕಾರು ನಮ್ಮಲ್ಲಿಗೆ ಬಂದಿತ್ತು. ಎಂಜಿನ್ ಕೂರಿಸಿದ್ದು ಬೇರೆ ಕಡೆ. ಬೆಸುಗೆ, ಮೌಂಟ್ ಎಲ್ಲ ಅಚ್ಚುಕಟ್ಟಾಗಿತ್ತು. ಹಗಲು ಚೆನ್ನಾಗಿ ಓಡುತ್ತದೆ, ರಾತ್ರಿ ಪೆಟ್ರೋಲ್ ವಾಸನೆ ಬರುತ್ತದೆ, ನಿಂತಾಗ ಎಂಜಿನ್ ನಡುಗುತ್ತದೆ ಅಂತ ಮಾಲೀಕರು ಹೇಳಿದರು. ಪ್ಲಗ್ ಬಿಚ್ಚಿದರೆ ಮಸಿ. ಇಂಜೆಕ್ಟರ್ ತೊಳೆಸಿದ್ದರು, ಟ್ಯೂನ್, ಅಂದರೆ ಎಂಜಿನ್‌ಗೆ ಪೆಟ್ರೋಲ್ ಎಷ್ಟು ಹೋಗಬೇಕು ಅನ್ನುವ ಸೆಟ್ಟಿಂಗ್, ಮತ್ತೆ ಮತ್ತೆ ಮಾಡಿಸಿದ್ದರು. ಏನೂ ಬದಲಾಗಿರಲಿಲ್ಲ.

ರಾತ್ರಿ ಮಾತ್ರ ಬರುವ ತೊಂದರೆ ಅಂದರೆ ನನ್ನ ತಲೆ ಮೊದಲು ಹೋಗುವುದು ಲೈಟಿನ ಕಡೆಗೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಯುವಿಗೆ, ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ಚಾಲೂ ಮಾಡಿದೆವು. ಇಸಿಯು ಓದುವ ಲೆಕ್ಕ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ. ಗಾಳಿ ಮತ್ತು ಪೆಟ್ರೋಲಿನ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಗೇಜ್ ಡ್ಯಾಶ್ ಮೇಲೆಯೇ ಇತ್ತು. ಲೈಟ್ ಆರಿಸಿದ್ದಾಗ ಗೇಜಿನಲ್ಲೂ ಲ್ಯಾಪ್‌ಟಾಪಿನಲ್ಲೂ ಹೆಚ್ಚುಕಡಿಮೆ 14.7, ಅಂದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಲೆಕ್ಕ ಇಳಿದರೆ ಪೆಟ್ರೋಲ್ ಜಾಸ್ತಿ ಅಂತ ಅರ್ಥ. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಹಾಕಿದ ಕೂಡಲೇ ಗೇಜ್ 13.9ಕ್ಕೆ ಇಳಿಯಿತು. ಲ್ಯಾಪ್‌ಟಾಪ್ ಮಾತ್ರ 14.7 ಅನ್ನುತ್ತಲೇ ಇತ್ತು. ಸೆನ್ಸರ್ ಇರುವುದು ಒಂದೇ. ಎರಡು ಕಡೆ ಎರಡು ಲೆಕ್ಕ ಹೇಗೆ ಬರುತ್ತದೆ?

ಕಾರಣ ಅರ್ಥಿಂಗ್. ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಕೂತಿರುವುದು ಎಂಜಿನ್ ಮೇಲೆ. ಲೈಟು, ಬ್ಲೋವರ್ ಎಲ್ಲದರ ಕರೆಂಟ್ ಬಾಡಿಯ ಮೂಲಕ ವಾಪಸ್ ಎಂಜಿನ್‌ಗೆ ಹೋಗಬೇಕು. ಹೋಗುವ ದಾರಿ ಬಾಡಿಗೂ ಎಂಜಿನ್‌ಗೂ ನಡುವಿನ ಅರ್ಥಿಂಗ್ ಪಟ್ಟಿ. ಆ ಪಟ್ಟಿ ಹಳೆಯದು, ಸಣ್ಣದು, ಅದೂ ಪೇಂಟ್ ಮೇಲೆಯೇ ಬಿಗಿದಿದ್ದರು. ಲೋಡ್ ಜಾಸ್ತಿ ಆದಾಗ ಬಾಡಿಗೂ ಎಂಜಿನ್‌ಗೂ ಸುಮಾರು 0.4 ವೋಲ್ಟ್ ವ್ಯತ್ಯಾಸ ಬರುತ್ತಿತ್ತು. ಗೇಜಿನ ಅರ್ಥ್ ವೈರು ಡ್ಯಾಶಿನ ಹಿಂದೆ ಬಾಡಿಗೆ, ಇಸಿಯುವಿನದು ಎಂಜಿನ್‌ಗೆ. ಆ ಗೇಜ್ 0ಯಿಂದ 5 ವೋಲ್ಟಿನಲ್ಲಿ 10ರಿಂದ 20ರವರೆಗಿನ ಅನುಪಾತವನ್ನು ಇಸಿಯುವಿಗೆ ಕಳಿಸುತ್ತದೆ. ಅಂದರೆ 0.4 ವೋಲ್ಟ್ ಏರಿದರೆ ಇಸಿಯು 0.8 ಜಾಸ್ತಿ ಓದುತ್ತದೆ. ಮಿಶ್ರಣ ತೆಳುವಾಗಿದೆ ಅಂದುಕೊಂಡು ಪೆಟ್ರೋಲ್ ಹೆಚ್ಚಿಸುತ್ತದೆ. ಇಸಿಯು ತನಗೆ ಸಿಕ್ಕ ಲೆಕ್ಕಕ್ಕೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಹಗಲು ಮಾಡಿದ ಟ್ಯೂನ್ ರಾತ್ರಿ ಕೆಡುತ್ತಿದ್ದದ್ದು ಹೀಗೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅರ್ಥಿಂಗ್ ಸರಿ ಇದೆಯಾ ಅಂತ ನೋಡಲು ತುಂಬಾ ಜನ ಮಲ್ಟಿಮೀಟರನ್ನು ಓಮ್ಸ್‌ಗೆ (ಕರೆಂಟಿಗೆ ಇರುವ ತಡೆ ಅಳೆಯಲು) ಇಟ್ಟು ನೋಡುತ್ತಾರೆ. ಅದರಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಮೀಟರ್ ಕಳಿಸುವ ಕರೆಂಟ್ ತೀರಾ ಕಡಿಮೆ, ವೈರಿನ ಒಂದೇ ಎಳೆ ಉಳಿದಿದ್ದರೂ ಚೆನ್ನಾಗಿದೆ ಅಂತ ತೋರಿಸುತ್ತದೆ. ಎಂಜಿನ್ ಓಡಲಿ, ಎಲ್ಲ ಲೋಡ್ ಹಾಕಿ, ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕೆಂಪು ಪ್ರೋಬ್ ಬಾಡಿಯ ಬರಿ ಲೋಹಕ್ಕೆ, ಕಪ್ಪು ಎಂಜಿನ್ ಬ್ಲಾಕಿಗೆ. 0.1 ವೋಲ್ಟಿಗಿಂತ ಜಾಸ್ತಿ ಬಂದರೆ ನಾನು ಆ ಕಾರನ್ನು ಹೊರಗೆ ಬಿಡುವುದಿಲ್ಲ.

ಪೇಂಟ್ ಕೆರೆದು, ದಪ್ಪ ಪಟ್ಟಿ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆವು. ಗೇಜಿನ ಅರ್ಥ್ ವೈರನ್ನು ಇಸಿಯುವಿನ ಅರ್ಥ್ ಇರುವ ಜಾಗಕ್ಕೇ ತಂದೆವು. ಎರಡೂ ಮಾಡಬೇಕು. ಪಟ್ಟಿ ಮಾತ್ರ ಬದಲಿಸಿದರೆ ಅದು ಹಳೆಯದಾದಾಗ ಅದೇ ಕಥೆ ಮತ್ತೆ ಶುರು, ಅಲ್ವಾ? ಟ್ಯೂನ್ ಮುಟ್ಟಲೇ ಇಲ್ಲ. ಎಲ್ಲ ಲೈಟ್ ಹಾಕಿದರೂ ಗೇಜಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಂದೇ ಲೆಕ್ಕ ಬಂತು.

ಅದೇ ಕಾರಿನಲ್ಲಿ ಇನ್ನೂ ಕೆಲವು ಕಂಡವು. ಎಕ್ಸಾಸ್ಟ್ ಈಗ ಎಂಜಿನ್ ಹಿಂದೆ, ಸ್ಟಿಯರಿಂಗ್ ರ‍್ಯಾಕಿನ ಹತ್ತಿರ. ರ‍್ಯಾಕಿನ ಬೂಟ್, ಅಂದರೆ ಅದರ ರಬ್ಬರ್ ಹೊದಿಕೆ, ಬಿಸಿಗೆ ಗಟ್ಟಿಯಾಗಿತ್ತು. ಹೀಟ್ ಶೀಲ್ಡ್ ಹಾಕಿ, ಬೂಟ್ ಬದಲಿಸಿದೆವು. ಎಂಜಿನ್ ಮೌಂಟ್ ಗಟ್ಟಿ ಪಾಲಿಯುರೆಥೇನ್‌ನದು. ನಡುಕ ಜಾಸ್ತಿ, ಬೋಲ್ಟ್ ಸಡಿಲವಾಗುತ್ತವೆ. ಟಾರ್ಕ್ ರೆಂಚಿನಲ್ಲಿ ಬಿಗಿದ ಮೇಲೆ ಬೋಲ್ಟಿನಿಂದ ಲೋಹದವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತೇವೆ. ಗೆರೆ ತುಂಡಾಗಿದ್ದರೆ ಬೋಲ್ಟ್ ಜರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಬ್ರೇಕಿನ ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು, ಅದೆಲ್ಲ ಬಿಸಿಯಾಗಿ ಬದಲಾಗುತ್ತದೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರಿನಂಶ ಹೀರಿಕೊಂಡ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಎಂಜಿನ್ ಬದಲಾಯಿಸಿ ಹಳೆಯ ಬ್ರೇಕ್ ಆಯಿಲ್ ಉಳಿಸಿಕೊಳ್ಳುತ್ತೇನೆ ಅಂದರೆ ನಾನು ಆ ಕೆಲಸವನ್ನೇ ಒಪ್ಪಿಕೊಳ್ಳುವುದಿಲ್ಲ.

ಇನ್ನು ಪುಸ್ತಕ. ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟಿನ ಹೊರಗಿನ ಜಾಯಿಂಟ್ ಯಾವ ಮಾಡೆಲಿನದು, ಒಳಗಿನದು ಯಾವುದು, ಕ್ಲಚ್ ಪ್ಲೇಟ್, ಮುಂದಿನ ಡಿಸ್ಕ್, ರೇಡಿಯೇಟರ್ ಹೋಸ್, ಆಯಿಲ್ ಫಿಲ್ಟರ್ ಯಾವ ಕಾರಿನಿಂದ ಬಂದವು, ಎಲ್ಲ ಪಾರ್ಟ್ ನಂಬರಿನ ಜೊತೆ ಬರೆಯುತ್ತೇವೆ. ದಾರಿಯಲ್ಲಿ ಆ ಜಾಯಿಂಟಿನ ಬೂಟ್ ಹರಿದರೆ ಸಿವಿಕ್ ಅಂತ ಹೇಳಿ ಬೂಟ್ ತಂದರೆ ಅದು ಕೂರುವುದಿಲ್ಲ. ಫ್ಯೂಸು, ರಿಲೇ ಎಲ್ಲಿವೆ, ಸೇರಿಸಿದ ವೈರಿನ ಬಣ್ಣ ಯಾವುದು ಅಂತ ಕೈಯಲ್ಲೇ ಚಿತ್ರ ಬರೆದು ಅಂಟಿಸುತ್ತೇವೆ. ವಾಲ್ವ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡುವಾಗ ಎಂಜಿನ್ 38 ಡಿಗ್ರಿಗಿಂತ ತಣ್ಣಗಿರಬೇಕು, ಅದಕ್ಕೆ ಕಾರನ್ನು ಹಿಂದಿನ ರಾತ್ರಿಯೇ ತಂದು ಬಿಡಿ ಅಂತಲೂ ಬರೆದಿರುತ್ತದೆ. ಈಗ ಅರ್ಥಿಂಗ್ ವೋಲ್ಟೇಜಿಗೂ ಒಂದು ಸಾಲು ಇದೆ, ಪ್ರತಿ ಸರ್ವಿಸಿನಲ್ಲಿ ಅಳೆದು ತಾರೀಕು ಹಾಕುತ್ತೇವೆ. ಪುಸ್ತಕದ ಒಂದು ಪ್ರತಿ ಕಾರಿನಲ್ಲಿ, ಒಂದು ನಮ್ಮಲ್ಲಿ. ಟ್ಯೂನ್ ಫೈಲಿನ ಪ್ರತಿಯನ್ನೂ ಮಾಲೀಕರ ಕೈಗೇ ಕೊಡುತ್ತೇವೆ, ನಾಳೆ ಅವರು ಬೇರೆ ಗ್ಯಾರೇಜಿಗೆ ಹೋದರೂ ಅಲ್ಲಿನವರು ಮೊದಲಿನಿಂದ ಹುಡುಕುವಂತಾಗಬಾರದು.