ಕುವಾರಿ ಪಾಸ್ ಚಾರಣ: ಕಾಡು, ಬುಗ್ಯಾಲು ಮತ್ತು ಎರಡು ಹೆಚ್ಚುವರಿ ದಿನಗಳು

ಉತ್ತರಾಖಂಡದ ಚಮೋಲಿ ಜಿಲ್ಲೆಯ ಕುವಾರಿ ಪಾಸ್‌ಗೆ, ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ಹಾದಿಗೆ, ಹೋಗಿ ಬಂದ ಮೇಲೆ ಪರಿಚಯದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಅದಕ್ಕೆ ಎಷ್ಟು ದಿನ ಬೇಕು ಎಂಬುದು. ನಡೆಯುವುದಕ್ಕೆ ನಾಲ್ಕು ದಿನ ಸಾಕು. ಆದರೆ ಬೆಂಗಳೂರಿನಿಂದ ಹೊರಟು ಬೆಂಗಳೂರಿಗೆ ಮರಳುವುದಕ್ಕೆ ಹತ್ತು ದಿನಗಳ ರಜೆ ಸಿಗದಿದ್ದರೆ ಈ ವರ್ಷ ಹೋಗಬೇಡಿ, ಮುಂದಿನ ವರ್ಷ ಹೋಗಿ ಎಂದೇ ನಾನು ಹೇಳುತ್ತೇನೆ. ನಾವು ಐದು ಜನ ಅಕ್ಟೋಬರ್ ಕೊನೆಯ ವಾರದಲ್ಲಿ ಹೋಗಿದ್ದೆವು. ಯೋಜನೆಯಲ್ಲಿ ಎರಡು ದಿನಗಳನ್ನು ಏನೂ ಮಾಡದೆ ಖಾಲಿ ಬಿಟ್ಟಿದ್ದೆವು, ಒಂದು ಹೋಗುವಾಗ ಜೋಶೀಮಠದಲ್ಲಿ, ಇನ್ನೊಂದು ಬರುವಾಗ ಋಷಿಕೇಶದಲ್ಲಿ. ಎರಡೂ ವ್ಯರ್ಥವಾಗಲಿಲ್ಲ.

ದೆಹಲಿಯಿಂದ ರಾತ್ರಿ ರೈಲಿನಲ್ಲಿ ಹರಿದ್ವಾರಕ್ಕೆ ಬಂದು, ಋಷಿಕೇಶದಿಂದ ಬೆಳಗಿನ ಜಾವವೇ ಜೋಶೀಮಠದ ವಾಹನ ಹಿಡಿಯಬೇಕು. ದೂರ ಸುಮಾರು 250 ಕಿಲೋಮೀಟರ್. ನಮ್ಮ ಬಯಲಿನ ಲೆಕ್ಕದಲ್ಲಿ ಅದು ಐದು ಗಂಟೆಯ ದಾರಿಯಾದರೂ ಅಲ್ಲಿ ಹತ್ತರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ಬೆಟ್ಟದ ರಸ್ತೆಯಲ್ಲಿ ರಾತ್ರಿ ಹೊತ್ತು ಪ್ರಯಾಣಿಕರ ವಾಹನಗಳನ್ನು ಓಡಿಸಲು ಬಿಡುವುದಿಲ್ಲವಾದ್ದರಿಂದ, ಬೆಳಿಗ್ಗೆ ತಡವಾಗಿ ಹೊರಟವರು ನಡುದಾರಿಯ ಪೀಪಲ್‌ಕೋಟಿಯಲ್ಲೋ ಚಮೋಲಿಯಲ್ಲೋ ಉಳಿಯಬೇಕಾಗುತ್ತದೆ. ದೇವಪ್ರಯಾಗದಿಂದ ಮುಂದೆ ದಾರಿಯುದ್ದಕ್ಕೂ ಅಲಕನಂದೆ ಜೊತೆಗಿರುತ್ತಾಳೆ. ದೇವಪ್ರಯಾಗದಲ್ಲಿ ಭಾಗೀರಥಿಯನ್ನು, ರುದ್ರಪ್ರಯಾಗದಲ್ಲಿ ಮಂದಾಕಿನಿಯನ್ನು, ಕರ್ಣಪ್ರಯಾಗದಲ್ಲಿ ಪಿಂಡರ್ ನದಿಯನ್ನು, ನಂದಪ್ರಯಾಗದಲ್ಲಿ ನಂದಾಕಿನಿಯನ್ನು ಅವಳು ಕೂಡುವುದನ್ನು ಕಿಟಕಿಯಿಂದಲೇ ನೋಡಬಹುದು. ಐದನೆಯದಾದ ವಿಷ್ಣುಪ್ರಯಾಗ ಜೋಶೀಮಠದ ಕೆಳಗೇ ಇದೆ. ತಿರುವುಗಳಲ್ಲಿ ವಾಂತಿಯಾಗುವವರು ಹಿಂದಿನ ರಾತ್ರಿ ಮಿತವಾಗಿ ಉಂಡು, ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳುವುದು ಒಳ್ಳೆಯದು.

ಜೋಶೀಮಠದಲ್ಲಿ ಒಂದು ಪೂರ್ತಿ ದಿನ ಉಳಿಯಿರಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಎತ್ತರದ ಲೆಕ್ಕ. ಕರ್ನಾಟಕದ ಅತ್ಯಂತ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್ ಇದೆ. ಜೋಶೀಮಠದ ಪೇಟೆಯೇ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ನಾಡಿನಲ್ಲಿ ಹತ್ತುವ ಬೆಟ್ಟ ಮುಗಿಯುವಲ್ಲಿ ಈ ಚಾರಣ ಶುರುವಾಗುತ್ತದೆ. 2,500 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 300ರಿಂದ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಇಲ್ಲಿ ಮೊದಲ ದಿನವೇ ಸುಮಾರು 2,900 ಮೀಟರ್ ಎತ್ತರದ ಗುಲ್ಲಿಂಗ್‌ನಲ್ಲಿ ಮಲಗಬೇಕಾಗುತ್ತದೆ. ಹಿಂದಿನ ದಿನವಷ್ಟೇ ಬಯಲಿನಿಂದ ಬಂದ ದೇಹಕ್ಕೆ ಇದು ದೊಡ್ಡ ಜಿಗಿತ.

ಆ ಒಂದು ದಿನವನ್ನು ಕಳೆಯಲು ಊರಿನಲ್ಲಿ ಬೇಕಾದಷ್ಟಿದೆ. ಆದಿಶಂಕರರು ಸ್ಥಾಪಿಸಿದರೆಂದು ನಂಬಲಾದ ನಾಲ್ಕು ಆಮ್ನಾಯ ಮಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿಯಾದರೆ ಉತ್ತರದ್ದು ಇಲ್ಲಿಯ ಜ್ಯೋತಿರ್ಮಠ. ಊರಿನ ಹೆಸರು ಬಂದದ್ದೂ ಅದರಿಂದಲೇ. ತುಂಗೆಯ ತೀರದ ಮಠವನ್ನು ಚಿಕ್ಕಂದಿನಿಂದ ಕಂಡ ನನಗೆ, ಹಿಮಶಿಖರದ ಕೆಳಗಿರುವ ಅದರ ಒಡಹುಟ್ಟನ್ನು ನೋಡುವಾಗ ಮನಸ್ಸು ತುಂಬಿಬಂತು. ಬದರಿಯ ಬಾಗಿಲು ಚಳಿಗಾಲಕ್ಕೆ ಮುಚ್ಚಿದ ಮೇಲೆ ಶಂಕರರ ಗದ್ದುಗೆ ಇಲ್ಲಿಯ ನರಸಿಂಹ ದೇವಾಲಯಕ್ಕೆ ಬರುತ್ತದೆ. ಆದರೆ ಊರಿನಲ್ಲಿ ನಡೆಯುವಾಗ ಗೋಡೆಗಳನ್ನೂ ನೋಡಿ. 2023ರ ಜನವರಿಯಲ್ಲಿ ಇಲ್ಲಿಯ ನೆಲ ಕುಸಿಯತೊಡಗಿ, ನೂರಾರು ಮನೆಗಳು ಬಿರುಕು ಬಿಟ್ಟು ಜನ ಮನೆ ತೊರೆಯಬೇಕಾಯಿತು. ಊರಿನ ಮೇಲಿರುವ ಹಿಮಕ್ರೀಡೆಯ ತಾಣ ಔಲಿಗೆ ಹೋಗುವ ರೋಪ್‌ವೇ ಸಹ ಆಗಲೇ ನಿಂತಿತು. ಹಾಗಾಗಿ ಹಳೆಯ ಪ್ರವಾಸ ಕಥನಗಳನ್ನು ನಂಬಿ ರೋಪ್‌ವೇ ಲೆಕ್ಕ ಹಾಕಿಕೊಂಡು ಹೋಗಬೇಡಿ, ಔಲಿಗೆ ಜೀಪಿನ ರಸ್ತೆ ಇದೆ. ಚಾರಣಕ್ಕೆ ಬೇಕಾದ ಅರಣ್ಯ ಇಲಾಖೆಯ ಅನುಮತಿಯನ್ನೂ ಇದೇ ದಿನ ಪಡೆಯಬಹುದು. ಗುರುತಿನ ಚೀಟಿಯ ಪ್ರತಿಗಳನ್ನೂ ವೈದ್ಯರ ಪ್ರಮಾಣಪತ್ರವನ್ನೂ ಊರಿನಿಂದಲೇ ತಂದಿರಿ.

ಮರುದಿನ ಜೀಪಿನಲ್ಲಿ ತಪೋವನದ ದಿಕ್ಕಿನ ರಸ್ತೆ ಹಿಡಿದು ಢಾಕ್ ಎಂಬ ಹಳ್ಳಿಗೆ ಹೋಗಿ ಅಲ್ಲಿಂದ ನಡಿಗೆ ಆರಂಭಿಸಿದೆವು. ಮೊದಲ ಎರಡು ಗಂಟೆ ಹಳ್ಳಿಗಳ ನಡುವೆ, ಮೆಟ್ಟಿಲು ಮೆಟ್ಟಿಲಾದ ಹೊಲಗಳ ಅಂಚಿನಲ್ಲಿ ಏರಬೇಕು. ಅಲ್ಲಿ ಒಂದು ಮನೆಯಲ್ಲಿ ಚಹಾ ಕುಡಿಯಲು ಕೂತಾಗ ಅಂಗಳದಲ್ಲಿ ಒಣಹಾಕಿದ್ದ ಧಾನ್ಯವನ್ನು ಕೈಗೆ ತೆಗೆದುಕೊಂಡು ನೋಡಿದರೆ ಅದು ರಾಗಿ. ಅವರು ಅದನ್ನು ಮಂಡುವಾ ಎನ್ನುತ್ತಾರೆ. ಹುರುಳಿ ಅವರಿಗೆ ಗಹತ್, ಊದಲು ಅವರಿಗೆ ಝಂಗೋರಾ. ಅಡುಗೆಯವರು ಪೇಟೆಯವರಿಗೆಂದು ನೂಡಲ್ಸ್ ಮಾಡಲು ಹೊರಟರೆ ಬೇಡವೆಂದು ಹೇಳಿ, ಮಂಡುವಾ ರೊಟ್ಟಿ ಮತ್ತು ಗಹತ್ ಸಾರು ಕೇಳಿ ಮಾಡಿಸಿಕೊಳ್ಳಿ. ಎತ್ತರದಲ್ಲಿ ಹಸಿವು ಕುಂದುತ್ತದೆ, ಆಗ ಪರಿಚಿತ ರುಚಿಯ ಊಟವೇ ಒಳಗೆ ಇಳಿಯುವುದು.

ಢಾಕ್‌ನಿಂದ ಕೆಳಗೆ ಕಾಣುವುದು ಧೌಲಿಗಂಗೆಯ ಕಣಿವೆ. ಅದೇ ಕಣಿವೆಯಲ್ಲಿ ಮುಂದೆ ಹೋದರೆ ರೇಣಿ ಗ್ರಾಮವಿದೆ. 1974ರ ಮಾರ್ಚ್ 26ರಂದು ಗೌರಾದೇವಿ ಮತ್ತು ಆ ಊರಿನ ಹೆಂಗಸರು ಮರ ಕಡಿಯಲು ಬಂದವರಿಗೆ ಅಡ್ಡ ನಿಂತದ್ದು ಅಲ್ಲಿಯೇ. ಒಂಬತ್ತು ವರ್ಷಗಳ ನಂತರ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡ ಅಪ್ಪಿಕೋ ಚಳವಳಿಗೆ ಪ್ರೇರಣೆ ಚಿಪ್ಕೋ ಎಂದು ಹೆಸರಾದ ಈ ಹೋರಾಟ. 2021ರ ಫೆಬ್ರವರಿ 7ರಂದು ಬಂಡೆ ಮತ್ತು ಹಿಮದ ಭಾರಿ ರಾಶಿ ಜಾರಿ ಋಷಿಗಂಗೆಗೆ ಬಿದ್ದು, ರೇಣಿ ಮತ್ತು ತಪೋವನದ ವಿದ್ಯುತ್ ಯೋಜನೆಗಳು ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಅಥವಾ ಕಾಣೆಯಾದದ್ದು ಕೂಡ ಇದೇ ಕಣಿವೆಯಲ್ಲಿ. ಮಾರ್ಗದರ್ಶಕ ಆ ದಿಕ್ಕಿಗೆ ಕೈ ತೋರಿಸಿ ಬಹಳ ಹೊತ್ತು ಸುಮ್ಮನೆ ನಿಂತಿದ್ದ.

ಗುಲ್ಲಿಂಗ್‌ನಿಂದ ಖುಲ್ಲಾರಕ್ಕೆ ಹೋಗುವ ಎರಡನೆಯ ದಿನವೇ ಇಡೀ ಚಾರಣದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ಅಂದು ಹಾದಿ ಬಹುಪಾಲು ಕಾಡಿನೊಳಗೆ ಸಾಗುತ್ತದೆ. ಕೆಳಗೆ ಬಾಂಜ್ ಎಂದು ಕರೆಯುವ ಓಕ್, ಮೇಲೇರಿದಂತೆ ಖರ್ಸು ಎಂಬ ಇನ್ನೊಂದು ಜಾತಿಯ ಓಕ್, ಅವುಗಳ ನಡುವೆ ಬುರಾಂಶ್, ಅಂದರೆ ರೋಡೋಡೆಂಡ್ರಾನ್. ಬುರಾಂಶ್ ಉತ್ತರಾಖಂಡದ ರಾಜ್ಯವೃಕ್ಷ. ಅದರ ಕೆಂಪು ಹೂಗಳನ್ನು ನೋಡಬೇಕೆಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಒಳಗೆ ಬರಬೇಕು, ಆಗ ಮೇಲಿನ ಹಾದಿಯಲ್ಲಿ ಇನ್ನೂ ಹಿಮವಿರುತ್ತದೆ. ನಾವು ಹೋದ ಕಾಲದಲ್ಲಿ ಹೂವಿಲ್ಲ, ಹುಲ್ಲೂ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಆದರೆ ಮಳೆ ತೊಳೆದ ಆಕಾಶದಲ್ಲಿ ಶಿಖರಗಳು ಅಷ್ಟು ನಿಚ್ಚಳವಾಗಿ ಕಾಣುವುದು ಅಕ್ಟೋಬರ್, ನವೆಂಬರ್‌ಗಳಲ್ಲೇ. ಜುಲೈ, ಆಗಸ್ಟ್‌ನಲ್ಲಿ ಬುಗ್ಯಾಲುಗಳು, ಅಂದರೆ ಕಾಡಿನ ಮೇಲಿನ ಎತ್ತರದ ಹುಲ್ಲುಗಾವಲುಗಳು, ಹಸಿರಾಗಿರುತ್ತವೆ, ಆದರೆ ರಸ್ತೆಗಳು ಕುಸಿಯುವ ಕಾಲವೂ ಅದೇ ಆದ್ದರಿಂದ ದೂರದಿಂದ ಬರುವವರಿಗೆ ನಾನು ಅದನ್ನು ಹೇಳುವುದಿಲ್ಲ. ಕಾಡಿನಲ್ಲಿ ಮಾತು ಕಡಿಮೆ ಮಾಡಿ ನಡೆದರೆ ರಾಜ್ಯಪಕ್ಷಿ ಮೊನಾಲ್ ಕಾಣುವ ಸಾಧ್ಯತೆ ಇದೆ. ನಮಗೆ ಅದರ ಕೂಗು ಮತ್ತು ಇಳಿಜಾರಿನಲ್ಲಿ ಹಾರಿದ ಒಂದು ಕ್ಷಣದ ನೀಲಿ ಹೊಳಪು ಸಿಕ್ಕಿತು.

ಕಾಡು ಒಮ್ಮೆಲೇ ಮುಗಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಕುದುರೆಮುಖದ ಶೋಲಾ ಕಾಡಿನಿಂದ ಹೊರಬಂದು ಹುಲ್ಲಿನ ಗುಡ್ಡ ನೋಡಿದವರಿಗೆ ಆ ಅನುಭವ ಹೊಸದಲ್ಲ. ಆದರೆ ಇಲ್ಲಿ ಎದುರಿಗೆ 7,066 ಮೀಟರ್ ಎತ್ತರದ ದ್ರೋಣಗಿರಿ ನಿಂತಿರುತ್ತದೆ. ಹನುಮಂತ ಸಂಜೀವಿನಿಗಾಗಿ ಕಿತ್ತೊಯ್ದದ್ದು ಇದೇ ಬೆಟ್ಟದ ಭಾಗವನ್ನು ಎಂಬ ನಂಬಿಕೆಯಿಂದ, ಅದರ ಬುಡದ ದ್ರೋಣಗಿರಿ ಗ್ರಾಮದವರು ಇಂದಿಗೂ ಹನುಮಂತನನ್ನು ಪೂಜಿಸುವುದಿಲ್ಲ.

ಬುಗ್ಯಾಲು ನೋಡುವುದಕ್ಕೆ ಗಟ್ಟಿ ನೆಲದಂತಿದ್ದರೂ ಬಹಳ ನಾಜೂಕಾದದ್ದು. ವರ್ಷದ ಹಲವು ತಿಂಗಳು ಹಿಮದಡಿ ಇರುವ ತೆಳುವಾದ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರಿನ ಹೆಣಿಗೆ ಮಾತ್ರ. ಡೇರೆಯ ಸುತ್ತ ತೋಡುವ ಕಾಲುವೆ, ಹೇಸರಗತ್ತೆಗಳ ಗೊರಸು, ಅಡ್ಡದಾರಿ ಹಿಡಿಯುವ ನಮ್ಮ ಬೂಟು, ಇವು ಆ ಹೆಣಿಗೆಯನ್ನು ಒಮ್ಮೆ ಹರಿದರೆ ಮುಂದಿನ ಮಳೆ ಅಲ್ಲಿ ಕೊರಕಲು ಮಾಡುತ್ತದೆ. ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿದ್ದು ಇದಕ್ಕಾಗಿಯೇ. ಹುಲ್ಲಿನ ನಡುವೆ ಡೇರೆ ಹಾಕಿಕೊಡುತ್ತೇವೆ, ಸೂರ್ಯೋದಯ ಚೆನ್ನಾಗಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಕಾಡಿನ ಅಂಚಿನಲ್ಲಿ ಡೇರೆ ಹಾಕಿಸಿ, ಅಲ್ಲಿ ಗಾಳಿಯೂ ಕಡಿಮೆ. ಪ್ಲಾಸ್ಟಿಕ್, ಒದ್ದೆ ಟಿಶ್ಯೂ, ಸ್ಯಾನಿಟರಿ ಪ್ಯಾಡ್ ಎಲ್ಲವನ್ನೂ ಬಿಗಿಯಾಗಿ ಮುಚ್ಚುವ ಚೀಲದಲ್ಲಿಟ್ಟು ಜೋಶೀಮಠಕ್ಕೆ ಮರಳಿ ತರಬೇಕು. ಚಳಿಯಲ್ಲಿ ಯಾವುದೂ ಬೇಗ ಕೊಳೆಯುವುದಿಲ್ಲ.

ಖುಲ್ಲಾರ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಮ್ಮ ಗೆಳತಿಯೊಬ್ಬಳಿಗೆ ಸಂಜೆ ತಲೆನೋವು ಶುರುವಾಯಿತು, ರಾತ್ರಿ ಊಟ ಸೇರಲಿಲ್ಲ, ಬೆಳಗಿನ ಜಾವ ವಾಕರಿಕೆ ಬಂತು. ನಮ್ಮಲ್ಲಿ ಅತಿ ಹೆಚ್ಚು ಅಭ್ಯಾಸವಿದ್ದವಳು ಅವಳೇ, ಕುಮಾರಪರ್ವತವನ್ನು ಮೂರು ಬಾರಿ ಹತ್ತಿದವಳು. ಎತ್ತರದ ಕಾಯಿಲೆ ಕಾಲಿನ ಬಲ ನೋಡಿ ಬರುವುದಿಲ್ಲ ಎಂಬುದನ್ನು ಗಟ್ಟಿಮುಟ್ಟಾದವರು ವಿಶೇಷವಾಗಿ ನೆನಪಿಡಬೇಕು. ಅವಳು ಸಹಾಯಕನೊಬ್ಬನ ಜೊತೆ ಡೇರೆಯಲ್ಲೇ ಉಳಿದಳು. ಮಧ್ಯಾಹ್ನದ ಹೊತ್ತಿಗೆ ಕಡಿಮೆಯಾಗದಿದ್ದರೆ ಗುಲ್ಲಿಂಗ್‌ಗೆ ಇಳಿಸಬೇಕೆಂದು ಮೊದಲೇ ನಿರ್ಧರಿಸಿದ್ದೆವು, ಆದರೆ ವಿಶ್ರಾಂತಿ ಮತ್ತು ನೀರಿನಲ್ಲೇ ಚೇತರಿಸಿಕೊಂಡಳು. ನಡಿಗೆ ತೂರಾಡುವುದು, ಮಾತು ತೊದಲುವುದು, ಕೂತಲ್ಲೇ ಏದುಸಿರು ಬರುವುದು ಕಂಡರೆ ಮಾತ್ರ ಮಧ್ಯಾಹ್ನದವರೆಗೆ ಕಾಯುವಂತಿಲ್ಲ. ರಾತ್ರಿಯಾಗಿದ್ದರೂ ಕೂಡಲೇ ಕೆಳಗಿಳಿಸಬೇಕು, ಏಕೆಂದರೆ ಅದಕ್ಕೆ ಇಳಿಯುವುದೇ ಮುಖ್ಯ ಚಿಕಿತ್ಸೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಮುಂಚಿತವಾಗಿ ತೆಗೆದುಕೊಳ್ಳಬಯಸುವವರು ಊರಿನಲ್ಲೇ ವೈದ್ಯರನ್ನು ಕಾಣಬೇಕು, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಅದನ್ನು ತಪ್ಪದೆ ತಿಳಿಸಬೇಕು.

ಪಾಸ್ ದಾಟುವ ದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಪಾಸ್‌ನ ಎತ್ತರ 3,700 ಮೀಟರ್‌ಗಿಂತ ಹೆಚ್ಚು. ಕೊನೆಯ ಏರು ಕಡಿದಾಗಿದ್ದರೂ ಅಪಾಯಕರವಲ್ಲ. ಬ್ರಿಟಿಷ್ ಪರ್ವತಾರೋಹಿಗಳಾದ ಎರಿಕ್ ಶಿಪ್ಟನ್ ಮತ್ತು ಟಿಲ್ಮನ್ 1934ರಲ್ಲಿ ನಂದಾದೇವಿಯ ಕಣಿವೆಗೆ ದಾರಿ ಹುಡುಕುತ್ತ ಹೋದದ್ದು ಇದೇ ಪಾಸ್ ದಾಟಿ. ಮೇಲೆ ನಿಂತಾಗ ಚೌಖಂಬಾ, ನೀಲಕಂಠ, ಕಾಮೇಟ್, ಹಾಥಿ ಪರ್ವತ, ಘೋರಿ ಪರ್ವತಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲಾಗಿ ನಿಂತಿದ್ದವು. ನಾವು ಅಲ್ಲಿ ಇದ್ದದ್ದು ಮುಕ್ಕಾಲು ಗಂಟೆ. ಹತ್ತೂವರೆಯ ಹೊತ್ತಿಗೆ ದಕ್ಷಿಣದಿಂದ ಮೋಡ ಏಳತೊಡಗಿದಾಗ ಮಾರ್ಗದರ್ಶಕ ಇಳಿಯೋಣ ಎಂದ, ಇಳಿದೆವು.

ಆ ಮಾತಿಗೆ ಎದುರಾಡದಿರುವುದನ್ನು ಹೊರಡುವ ಮೊದಲೇ ತಂಡದಲ್ಲಿ ಒಪ್ಪಿಕೊಂಡಿರಬೇಕು. 2024ರ ಜೂನ್ ಮೊದಲ ವಾರದಲ್ಲಿ ಇದೇ ರಾಜ್ಯದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಒಂಬತ್ತು ಚಾರಣಿಗರು ತೀರಿಕೊಂಡರು. ಆ ತಂಡದ ಬಹುಪಾಲು ಜನ ಕರ್ನಾಟಕದವರು, ಹಿಮಾಲಯಕ್ಕೆ ಹೊಸಬರೂ ಅಲ್ಲ. ಜೂನ್ ಎಂದರೆ ಅಲ್ಲಿ ಬೇಸಿಗೆ, ಆದರೂ ಗಾಳಿ ಮತ್ತು ಒದ್ದೆ ಬಟ್ಟೆ ಸೇರಿದರೆ ಕೆಲವೇ ಗಂಟೆಗಳಲ್ಲಿ ದೇಹದ ಬಿಸಿ ಇಳಿದುಹೋಗುತ್ತದೆ. ಆದ್ದರಿಂದ ಹತ್ತಿಯ ಬಟ್ಟೆಯನ್ನು ಮೈಗೆ ತಾಗಿಸಿ ಹಾಕಬೇಡಿ, ಅದು ಬೆವರನ್ನು ಹಿಡಿದಿಟ್ಟು ಮೈಯನ್ನು ತಣ್ಣಗಾಗಿಸುತ್ತದೆ. ಬೇಗ ಒಣಗುವ ಅಂಗಿ, ಅದರ ಮೇಲೆ ಫ್ಲೀಸ್, ಮೇಲೆ ಗಾಳಿ ಮತ್ತು ಮಳೆ ತಡೆಯುವ ಜಾಕೆಟ್, ಹೀಗೆ ಪದರಗಳಲ್ಲಿ ಧರಿಸಬೇಕು. ಒಂದು ಜೊತೆ ಒಣ ಬಟ್ಟೆ, ಕೈಗವಸು, ಉಣ್ಣೆ ಟೋಪಿ ಮತ್ತು ಹೆಡ್‌ಲ್ಯಾಂಪ್ ಪಾಸ್‌ನ ದಿನ ಬೆನ್ನಿನ ಚೀಲದಲ್ಲೇ ಇರಬೇಕು, ಹೇಸರಗತ್ತೆಯ ಮೇಲಲ್ಲ. ಬಾಡಿಗೆಗೆ ತಂದ ಮಲಗುವ ಚೀಲವನ್ನು ಅಂಗಡಿಯಲ್ಲೇ ಪೂರ್ತಿ ಬಿಚ್ಚಿ ಜಿಪ್ ಎಳೆದು ನೋಡಿ. ನನ್ನದರ ಜಿಪ್ ಅರ್ಧಕ್ಕೆ ನಿಲ್ಲುತ್ತಿತ್ತು, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಎರಡು ರಾತ್ರಿ ನಿದ್ದೆಯಿಲ್ಲದೆ ಕಳೆದೆ.

ನಾಲ್ಕನೆಯ ದಿನ ತಾಲಿ ಕಾಡಿನಿಂದ ಗೋರ್ಸನ್ ಬುಗ್ಯಾಲಿನ ಮೇಲೆ ಔಲಿಗೆ ನಡೆಯಬೇಕು. ಈ ಏಣಿನಲ್ಲಿ ನೀರು ಸಿಗುವ ಜಾಗ ಕಡಿಮೆ, ತಲಾ ಎರಡು ಲೀಟರ್ ಹೊತ್ತೇ ಹೊರಡಿ. ನಂದಾದೇವಿ ಚೆನ್ನಾಗಿ ಕಾಣುವುದು ಇಲ್ಲಿಂದ. 7,816 ಮೀಟರ್ ಎತ್ತರದ ಆ ಶಿಖರದ ಒಳಕಣಿವೆಯನ್ನು 1980ರ ದಶಕದಲ್ಲೇ ಮುಚ್ಚಲಾಗಿದ್ದು, ನಮ್ಮಂಥವರಿಗೆ ದೂರದ ದರ್ಶನವಷ್ಟೇ. ಗೆಳತಿ ಅಂದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಔಲಿಯ ಇಳಿಜಾರಿನಲ್ಲಿ ಮಂಡಿಗೆ ಶ್ರಮ ಹೆಚ್ಚು, ಊರುಗೋಲು ಎರಡೂ ಕೈಗೆ ಇರಲಿ.

ಎರಡನೆಯ ಖಾಲಿ ದಿನ ಬೇಕಾದದ್ದು ಮರಳುವಾಗ. ಜೋಶೀಮಠ ಬಿಟ್ಟು ಎರಡು ಗಂಟೆಯೊಳಗೆ ರಸ್ತೆಗೆ ಬಂಡೆಗಳು ಕುಸಿದಿದ್ದವು. ಮಳೆಯಿಲ್ಲದ ನೀಲಿ ಆಕಾಶದ ಕೆಳಗೆ ವಾಹನಗಳ ಸಾಲಿನಲ್ಲಿ ಏಳು ಗಂಟೆ ಕೂತು, ಕತ್ತಲಾದ ಮೇಲೆ ಚಮೋಲಿಯಲ್ಲಿ ತಂಗಿ, ಮರುದಿನ ಸಂಜೆ ಋಷಿಕೇಶ ಸೇರಿದೆವು. ನಮ್ಮ ರೈಲು ಅದರ ಮರುದಿನ ರಾತ್ರಿಯದಾಗಿತ್ತು. ಪಕ್ಕದ ವಾಹನದಲ್ಲಿದ್ದ ನಾಲ್ವರು ಅದೇ ರಾತ್ರಿಯ ವಿಮಾನಕ್ಕೆ ಟಿಕೆಟ್ ಮಾಡಿದ್ದರು. ಫೋನಿನ ಸಿಗ್ನಲ್ ಹುಡುಕುತ್ತ ಅವರು ಸಂಜೆಯವರೆಗೂ ರಸ್ತೆಯಂಚಿನಲ್ಲಿ ಅತ್ತಿತ್ತ ನಡೆಯುತ್ತಲೇ ಇದ್ದರು.