ಇ36 ಎಂ3 ಕಾರಿನ ಹಿಂಬದಿ ಆಕ್ಸಿಜನ್ ಸೆನ್ಸರ್: ಒಂದು ದುರಸ್ತಿಯ ದಿನಚರಿ

ಜನವರಿ 11, 2025, ಶನಿವಾರ

ಮೂರು ವರ್ಷಗಳಿಂದ ನನ್ನ ಬಳಿ ಇರುವ 1998ರ ಬಿಎಂಡಬ್ಲ್ಯೂ ಎಂ3 (ಇ36 ಎಂಬುದು ಈ ಪೀಳಿಗೆಯ ಹೆಸರು) ಕಾರಿನಲ್ಲಿ ಈ ವಾರ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಸ್ಕ್ಯಾನರ್ ಜೋಡಿಸಿದಾಗ ಸಿಕ್ಕಿದ್ದು ಪಿ0420 ಎಂಬ ಒಂದೇ ಕೋಡ್. ಒಂದನೆಯ ಬ್ಯಾಂಕಿನ, ಅಂದರೆ ಮುಂದಿನ ಮೂರು ಸಿಲಿಂಡರುಗಳ ಹೊಗೆ ಹಾದುಹೋಗುವ ಕ್ಯಾಟಲಿಟಿಕ್ ಕನ್ವರ್ಟರಿನ (ಹೊಗೆಯನ್ನು ಶುದ್ಧಗೊಳಿಸುವ ಭಾಗದ) ದಕ್ಷತೆ ಮಿತಿಗಿಂತ ಕೆಳಗಿಳಿದಿದೆ ಎಂಬುದು ಅದರ ಅರ್ಥ. ಓಡಿದ ದೂರ 1,48,000 ಮೈಲಿ. ಮಾರ್ಚ್ ಅಂತ್ಯದೊಳಗೆ ನೋಂದಣಿ ನವೀಕರಣವಾಗಬೇಕು, ಅದಕ್ಕೆ ಮೊದಲು ಕ್ಯಾಲಿಫೋರ್ನಿಯಾದ ಸ್ಮಾಗ್ ಪರೀಕ್ಷೆಯಲ್ಲಿ, ಅಂದರೆ ಹೊಗೆ ತಪಾಸಣೆಯಲ್ಲಿ, ಕಾರು ಪಾಸಾಗಬೇಕು. ದೀಪ ಉರಿಯುತ್ತಿದ್ದರೆ ಪಾಸಾಗುವ ಮಾತೇ ಇಲ್ಲ.

ಫ್ರೀಮಾಂಟಿನ ಒಂದು ಗ್ಯಾರೇಜಿಗೆ ಒಯ್ದಾಗ, ಕೋಡ್ ಓದಿದ ಐದೇ ನಿಮಿಷದಲ್ಲಿ ಕನ್ವರ್ಟರ್ ಸತ್ತಿದೆ, ಇಡೀ ಭಾಗವನ್ನೇ ಬದಲಿಸಬೇಕು ಎಂದು ಹೇಳಿ 2,300 ಡಾಲರಿನ ಅಂದಾಜು ಬರೆದುಕೊಟ್ಟರು. ಈ ಕಾರಿನಲ್ಲಿ ಎರಡೂ ಬ್ಯಾಂಕುಗಳ ಕನ್ವರ್ಟರುಗಳು ಒಂದೇ ಬೆಸೆದ ಜೋಡಣೆಯಾಗಿರುವುದರಿಂದ ಒಂದನ್ನು ಮಾತ್ರ ಬದಲಿಸುವಂತಿಲ್ಲ. ಅಲ್ಲದೆ ಈ ರಾಜ್ಯದಲ್ಲಿ ಕಂಪನಿಯದಲ್ಲದ ಕನ್ವರ್ಟರ್ ಹಾಕಬೇಕಾದರೆ ಅದು ಈ ಮಾದರಿಯ ಕಾರಿಗೆಂದೇ ವಾಯು ಸಂಪನ್ಮೂಲ ಮಂಡಳಿಯ ಅನುಮೋದನೆ ಪಡೆದಿರಬೇಕು, ಅನುಮೋದನೆಯ ಸಂಖ್ಯೆ ಅದರ ಮೈಮೇಲೆ ಅಚ್ಚಾಗಿರಬೇಕು. 2009ರಿಂದ ಈ ನಿಯಮಗಳು ಇನ್ನೂ ಬಿಗಿಯಾಗಿವೆ, ಬೆಲೆಯೂ ಅದಕ್ಕೆ ತಕ್ಕಂತಿದೆ. ಅಂದಾಜಿನ ಚೀಟಿಯನ್ನು ಮಡಿಸಿಟ್ಟುಕೊಂಡು ಮನೆಗೆ ಬಂದೆ. ಕನ್ವರ್ಟರ್ ನಿಜಕ್ಕೂ ಸತ್ತಿದ್ದರೆ ಬದಲಿಸಲು ನನಗೆ ಅಭ್ಯಂತರವಿಲ್ಲ, ಆದರೆ ಸತ್ತಿದೆ ಎಂಬುದಕ್ಕೆ ಮೊದಲು ಪುರಾವೆ ಬೇಕು.

ಜನವರಿ 18

ಈ ಕಾರಿನ ಹೊಗೆ ನಿಯಂತ್ರಣ ವ್ಯವಸ್ಥೆಯ ಬಗ್ಗೆ ನಾಲ್ಕು ಮಾತು ಬರೆದಿಟ್ಟುಕೊಳ್ಳುತ್ತೇನೆ, ಮುಂದಿನ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿದೆ. ಅಮೆರಿಕಕ್ಕೆ ಬಂದ ಇ36 ಎಂ3ಯಲ್ಲಿ 1996ರಿಂದ 3.2 ಲೀಟರಿನ, 240 ಅಶ್ವಶಕ್ತಿಯ ಎಸ್52 ಎಂಜಿನ್ ಇದೆ. ಯುರೋಪಿನವರಿಗೆ ಸಿಕ್ಕ 321 ಅಶ್ವಶಕ್ತಿಯ ಎಂಜಿನ್ ಇದಲ್ಲ. ಅದೇ 1996ರಿಂದ ಇಲ್ಲಿ ಮಾರಾಟವಾಗುವ ಎಲ್ಲ ಕಾರುಗಳಿಗೂ ಒಬಿಡಿ-2, ಅಂದರೆ ಕಾರೇ ತನ್ನ ದೋಷಗಳನ್ನು ಪತ್ತೆಹಚ್ಚುವ ವ್ಯವಸ್ಥೆ, ಕಡ್ಡಾಯವಾದ ಕಾರಣ, ಈ ಕಾರಿನ ಹೊಗೆಯ ಹಾದಿಯಲ್ಲಿ ನಾಲ್ಕು ಆಕ್ಸಿಜನ್ ಸೆನ್ಸರುಗಳಿವೆ. ಕನ್ವರ್ಟರುಗಳಿಗೆ ಮುಂಚೆ ಎರಡು, ಆಮೇಲೆ ಎರಡು.

ಮುಂದಿನ ಸೆನ್ಸರುಗಳ ಕೆಲಸ ಮಿಶ್ರಣವನ್ನು 14.7 ಭಾಗ ಗಾಳಿಗೆ ಒಂದು ಭಾಗ ಪೆಟ್ರೋಲ್ ಎಂಬ ಅನುಪಾತದ ಆಸುಪಾಸಿನಲ್ಲಿ ಇರಿಸಲು ನೆರವಾಗುವುದು. ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಕೊಂಚ ಹೆಚ್ಚಿಸುತ್ತ, ಕೊಂಚ ತಗ್ಗಿಸುತ್ತ ಹೋಗುವುದರಿಂದ ಅವುಗಳ ಸಂಕೇತ ಸದಾ ಮೇಲೆ ಕೆಳಗೆ ತೂಗಾಡುತ್ತಲೇ ಇರುತ್ತದೆ. ಕನ್ವರ್ಟರಿನೊಳಗಿನ ಲೇಪನದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಜೊತೆಗೆ ಸೀರಿಯಂ ಆಕ್ಸೈಡ್ ಕೂಡ ಇರುತ್ತದೆ. ಆಕ್ಸಿಜನ್ ಹೆಚ್ಚಾದಾಗ ಅದನ್ನು ಹಿಡಿದಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುವುದು ಈ ಸೀರಿಯಂನ ಗುಣ. ಆದ್ದರಿಂದ ಆರೋಗ್ಯವಂತ ಕನ್ವರ್ಟರಿನ ಹಿಂದಿರುವ ಸೆನ್ಸರ್ ಬಹುಮಟ್ಟಿಗೆ ಶಾಂತವಾಗಿರಬೇಕು. ಅದೂ ಮುಂದಿನ ಸೆನ್ಸರಿನಂತೆಯೇ ತೂಗಾಡತೊಡಗಿದರೆ, ಕನ್ವರ್ಟರ್ ಆಕ್ಸಿಜನ್ನನ್ನು ಹಿಡಿದಿಡುತ್ತಿಲ್ಲ ಎಂದು ಕಂಪ್ಯೂಟರ್ ತೀರ್ಮಾನಿಸಿ ಪಿ0420 ಬರೆದಿಡುತ್ತದೆ. ಕಂಪ್ಯೂಟರ್ ಕಂಡದ್ದು ಹಿಂಬದಿ ಸೆನ್ಸರಿನ ತೂಗಾಟವನ್ನು ಮಾತ್ರ. ಕನ್ವರ್ಟರ್ ಕೆಟ್ಟಿದೆ ಎಂಬುದು ಅದರಿಂದ ಮಾಡಿಕೊಂಡ ಊಹೆ, ಮತ್ತು ಆ ತೂಗಾಟಕ್ಕೆ ಬೇರೆ ಕಾರಣಗಳೂ ಇರಬಹುದು.

ಇನ್ನೊಂದು ಸಂಗತಿಯನ್ನು ಈ ಕಾರಿನ ಮಾಲೀಕರು ತಪ್ಪದೆ ಗಮನದಲ್ಲಿಡಬೇಕು. ಇದರ ಸೀಮೆನ್ಸ್ ಎಂಎಸ್41 ಎಂಜಿನ್ ಕಂಪ್ಯೂಟರಿಗೆ ಹೊಂದುವ ಸೆನ್ಸರುಗಳು ಟೈಟಾನಿಯಾ ಬಗೆಯವು. ಬೇರೆ ಬಹುತೇಕ ಕಾರುಗಳಲ್ಲಿರುವ ಜಿರ್ಕೋನಿಯಾ ಸೆನ್ಸರ್ ತಾನೇ ಒಂದು ವೋಲ್ಟಿನೊಳಗಿನ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಟೈಟಾನಿಯಾ ಹಾಗಲ್ಲ, ಅದರ ವಿದ್ಯುತ್ ರೋಧವೇ ಬದಲಾಗುತ್ತದೆ. ಪೆಟ್ರೋಲ್ ಹೆಚ್ಚಿದ್ದಾಗ ರೋಧ ಇಳಿಯುತ್ತದೆ, ಗಾಳಿ ಹೆಚ್ಚಿದ್ದಾಗ ಏರುತ್ತದೆ, ಕಂಪ್ಯೂಟರ್ ಒದಗಿಸುವ ವೋಲ್ಟೇಜ್ 0ಯಿಂದ 5ರ ನಡುವೆ ತೂಗುತ್ತದೆ. ಎಲ್ಲ ಕಾರುಗಳಿಗೂ ಹೊಂದುತ್ತದೆ ಎಂದು ಅಗ್ಗಕ್ಕೆ ಮಾರುವ ಜಿರ್ಕೋನಿಯಾ ಸೆನ್ಸರನ್ನು ತಂತಿ ಬೆಸೆದು ಕೂರಿಸಿದರೆ ಈ ಕಂಪ್ಯೂಟರಿಗೆ ಅದರ ಭಾಷೆಯೇ ತಿಳಿಯದು.

ಜನವರಿ 26, ಭಾನುವಾರ

ಮೊದಲ ಪುರಾವೆಗಾಗಿ ನಿನ್ನೆ ಸ್ಮಾಗ್ ಕೇಂದ್ರದಲ್ಲಿ ಪ್ರಾಯೋಗಿಕ ತಪಾಸಣೆ ಮಾಡಿಸಿದೆ. ಇದರ ಫಲಿತಾಂಶ ಅಧಿಕೃತವಾಗಿ ದಾಖಲಾಗುವುದಿಲ್ಲ, ಆದರೆ ಯಂತ್ರವೂ ಅದೇ, ವಿಧಾನವೂ ಅದೇ. ಬೆಂಗಳೂರಿನ ಎಮಿಷನ್ ಟೆಸ್ಟಿನಲ್ಲಿ ಪೆಟ್ರೋಲ್ ಕಾರನ್ನು ನಿಲ್ಲಿಸಿ, ಸೈಲೆನ್ಸರಿನೊಳಗೆ ನಳಿಕೆ ತೂರಿಸಿ ಅಳೆಯುವುದನ್ನು ನೋಡಿ ಬೆಳೆದವನಿಗೆ ಇಲ್ಲಿಯದು ಬೇರೆಯೇ ಅನುಭವ. 1999 ಮತ್ತು ಅದಕ್ಕಿಂತ ಹಳೆಯ ಕಾರುಗಳನ್ನು ಇಲ್ಲಿ ರೋಲರಿನ ಮೇಲೆ ಹತ್ತಿಸಿ, ಹೊರೆ ಹೇರಿ, ಗಂಟೆಗೆ 15 ಮತ್ತು 25 ಮೈಲಿ ವೇಗಗಳಲ್ಲಿ ಓಡಿಸುತ್ತ ಹೈಡ್ರೋಕಾರ್ಬನ್, ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್‌ಗಳನ್ನು ಅಳೆಯುತ್ತಾರೆ.

ಫಲಿತಾಂಶ ನೋಡಿ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. 15 ಮೈಲಿ ವೇಗದಲ್ಲಿ ಹೈಡ್ರೋಕಾರ್ಬನ್ 14 ಪಿಪಿಎಂ (ಹತ್ತು ಲಕ್ಷದಲ್ಲಿ 14 ಭಾಗ), ಕಾರ್ಬನ್ ಮಾನಾಕ್ಸೈಡ್ ಶೇ. 0.03, ನೈಟ್ರಿಕ್ ಆಕ್ಸೈಡ್ 71 ಪಿಪಿಎಂ. 25ರಲ್ಲಿ ಇನ್ನೂ ಕಡಿಮೆ. ಎಲ್ಲವೂ ಮಿತಿಗಿಂತ ಬಹಳ ಕೆಳಗೆ. ಆರು ಸಿಲಿಂಡರುಗಳ ಪೈಕಿ ಮೂರರ ಹೊಗೆ ಶುದ್ಧವಾಗದೆ ಹೊರಬರುತ್ತಿದ್ದರೆ ಇಂಥ ಅಂಕಿಗಳು ಬರಲು ಸಾಧ್ಯವೇ ಇಲ್ಲ. ಕಂಪ್ಯೂಟರ್ ಪೆಟ್ರೋಲಿನ ಪ್ರಮಾಣಕ್ಕೆ ಮಾಡುವ ತಿದ್ದುಪಡಿಯೂ ಎರಡೂ ಬ್ಯಾಂಕುಗಳಲ್ಲಿ ಶೇ. 3ರೊಳಗೇ ಇದೆ. ಆದ್ದರಿಂದ ಗಾಳಿ ಎಳೆಯುವ ರಬ್ಬರ್ ಕೊಳವೆ ಸೀಳಿರುವ, ಅಥವಾ ಮುಂಬದಿ ಸೆನ್ಸರಿನ ಬಳಿ ಸೋರಿಕೆ ಇರುವ ಸಂಶಯಗಳನ್ನು ಬದಿಗಿಟ್ಟೆ.

ಫೆಬ್ರವರಿ 8

ಒಂದನೆಯ ಬ್ಯಾಂಕಿನ ಹಿಂಬದಿಗೆ ಹೊಸ ಟೈಟಾನಿಯಾ ಸೆನ್ಸರ್ ತರಿಸಿ ಹಾಕಿದೆ. ಹಳೆಯದನ್ನು ಬಿಚ್ಚಲು ಎರಡು ದಿನ ತುಕ್ಕು ಸಡಿಲಿಸುವ ಎಣ್ಣೆ ಬಿಡಬೇಕಾಯಿತು. ನಾಲ್ಕು ದಿನಗಳಲ್ಲಿ ಕೋಡ್ ಮರಳಿತು. ಸೆನ್ಸರಿನ ದೋಷವಲ್ಲ.

ಫೆಬ್ರವರಿ 15

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದ ದಿನ ಇಂದಿನದು. ಕೈಯಲ್ಲಿ ಹಿಡಿಯುವ ಚಿಕ್ಕ ಆಸಿಲೋಸ್ಕೋಪನ್ನು (ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಉಪಕರಣವನ್ನು) ಹಿಂಬದಿ ಸೆನ್ಸರಿನ ಸಂಕೇತ ತಂತಿಗೆ ಜೋಡಿಸಿ, ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು 680 ಹೆದ್ದಾರಿಯಲ್ಲಿ ಸುನೋಲ್ ಏರಿನತ್ತ ಹೊರಟೆ. ಕಾರು ನಿಂತು ಎಂಜಿನ್ ಮಾತ್ರ ಓಡುವಾಗ ಆ ಸೆನ್ಸರ್ ಒಂದೇ ಸಮನೆ ತೂಗಾಡುತ್ತಿತ್ತು. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಓಡಿಸುವಾಗ ತೂಗಾಟ ಕಡಿಮೆಯಾದರೂ ನಿಲ್ಲಲಿಲ್ಲ. ಆದರೆ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿ ಹಿಡಿದಂತೆ ಗೆರೆ ನೇರವಾಯಿತು, ಎರಡನೆಯ ಬ್ಯಾಂಕಿನ ಗೆರೆಗೂ ಅದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಇಳಿದು ಬಂದು ಮತ್ತೆ ಹತ್ತಿದೆವು, ಮತ್ತೆ ಹಾಗೆಯೇ ಆಯಿತು.

ಕೆಟ್ಟ ಕನ್ವರ್ಟರ್ ಇದಕ್ಕೆ ತೀರಾ ವಿರುದ್ಧವಾಗಿ ವರ್ತಿಸಬೇಕು. ಶಕ್ತಿಗುಂದಿದ ಲೇಪನಕ್ಕೆ ನಿಧಾನವಾಗಿ ಹಾಯುವ ಅಲ್ಪ ಹೊಗೆಯನ್ನು ಸಂಭಾಳಿಸುವುದು ಸುಲಭ, ಎಂಜಿನ್ ಮೇಲೆ ಹೊರೆ ಬಿದ್ದು ಹೊಗೆಯ ಪ್ರವಾಹ ಹೆಚ್ಚಿದಾಗಲೇ ಅದು ಸೋಲಬೇಕು. ಇಲ್ಲಿ ಹೊರೆ ಬಿದ್ದಾಗ ಎಲ್ಲವೂ ಸರಿಯಾಗುತ್ತಿದೆ. ಹಾಗೆ ವರ್ತಿಸುವುದು ಸೋರಿಕೆ. ಎಂಜಿನ್ ನಿಂತಲ್ಲೇ ನಿಮಿಷಕ್ಕೆ 700 ಸುತ್ತಿನಲ್ಲಿ ಓಡುವಾಗ ಒಂದು ಬ್ಯಾಂಕಿನ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 17 ಬಾರಿ ಹೊಗೆಯ ಅಲೆ ಹಾಯುತ್ತದೆ, ಪ್ರತಿ ಎರಡು ಅಲೆಗಳ ನಡುವೆ ಕೊಳವೆಯೊಳಗಿನ ಒತ್ತಡ ಕ್ಷಣಕಾಲ ಹೊರಗಿನ ವಾತಾವರಣಕ್ಕಿಂತ ಕೆಳಗಿಳಿಯುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಆ ಕ್ಷಣದಲ್ಲಿ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಆ ಗಾಳಿಯಲ್ಲಿರುವ ಆಕ್ಸಿಜನ್ನನ್ನೇ ಸೆನ್ಸರ್ ಕಾಣುತ್ತದೆ. ಹೊರೆ ಹೆಚ್ಚಿದಾಗ ಕೊಳವೆಯೊಳಗಿನ ಒತ್ತಡ ಸತತವಾಗಿ ಮೇಲಿರುವುದರಿಂದ ಹೊಗೆ ಹೊರಕ್ಕೆ ಸೋರುತ್ತದೆಯೇ ಹೊರತು ಗಾಳಿ ಒಳಕ್ಕೆ ಬರುವುದಿಲ್ಲ.

ಫೆಬ್ರವರಿ 16

ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಕಾರನ್ನು ನಾಲ್ಕೂ ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಸೈಲೆನ್ಸರಿನ ಎರಡು ಬಾಯಿಗಳಲ್ಲಿ ಒಂದಕ್ಕೆ ಒದ್ದೆ ಬಟ್ಟೆ ತುರುಕಿ, ಇನ್ನೊಂದಕ್ಕೆ ಗ್ಯಾರೇಜಿನ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬಿಡುವ ಬಾಯಿಯನ್ನು ಜೋಡಿಸಿದೆ. ಆಮೇಲೆ ಪ್ರತಿಯೊಂದು ಜೋಡಣೆಯ ಮೇಲೂ ಸಾಬೂನು ನೀರು ಸಿಂಪಡಿಸುತ್ತ ಹೋದೆ. ಒಂದನೆಯ ಬ್ಯಾಂಕಿನ ಹಿಂಬದಿ ಸೆನ್ಸರನ್ನು ತಿರುಗಿಸಿ ಕೂರಿಸುವ, ಕೊಳವೆಗೆ ಬೆಸೆದಿರುವ ನಟ್ಟಿನಂಥ ಬಳೆಯ ಬುಡದಲ್ಲಿ ನೊರೆ ಎದ್ದಿತು. ಬೆಸುಗೆಯ ಅಂಚಿನಲ್ಲಿ, ಮೇಲ್ಭಾಗದಲ್ಲಿ, ಕೆಳಗೆ ಮಲಗಿ ನೋಡಿದವರಿಗೆ ಕಾಣದ ಕಡೆ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಬಿರುಕು. ಕನ್ನಡಿ ಹಿಡಿದು ನೋಡಿದಾಗ ಅದರ ಸುತ್ತ ಮಸಿಯ ತೆಳು ಗೆರೆಯೂ ಕಂಡಿತು. ಸೆನ್ಸರಿನ ಮೂತಿಯ ಪಕ್ಕದಲ್ಲೇ ಗಾಳಿ ಒಳಬರುತ್ತಿದ್ದರೆ ಅದು ತೂಗಾಡದೆ ಏನು ಮಾಡೀತು?

ಇಂಥ ಕೋಡಿಗೆ ಪರಿಹಾರವೆಂದು ಕೆಲವರು ಸೆನ್ಸರನ್ನು ಹೊಗೆಯ ಹಾದಿಯಿಂದ ದೂರ ಸರಿಸುವ ಟೊಳ್ಳು ತುಂಡನ್ನು ನಡುವೆ ಸೇರಿಸುತ್ತಾರೆ, ಹಿಂಬದಿ ಸೆನ್ಸರುಗಳನ್ನೇ ಕಂಪ್ಯೂಟರಿನ ಪ್ರೋಗ್ರಾಮಿನಿಂದ ಅಳಿಸುವವರೂ ಇದ್ದಾರೆ. ಇವೆರಡೂ ಕಾನೂನಿಗೆ ವಿರುದ್ಧ, ನನ್ನ ಮನಸ್ಸಿಗೂ ಒಪ್ಪಿಗೆಯಿಲ್ಲ. ಲಾಸ್ ಏಂಜಲೀಸಿನ ಕಣ್ಣುರಿಯ ಮಂಜಿಗೆ ವಾಹನಗಳ ಮತ್ತು ಪೆಟ್ರೋಲಿಯಂ ಉದ್ಯಮದ ಅನಿಲಗಳ ಮೇಲೆ ಬಿಸಿಲು ನಡೆಸುವ ರಾಸಾಯನಿಕ ಕ್ರಿಯೆಯೇ ಕಾರಣವೆಂದು ವಿಜ್ಞಾನಿ ಏರಿ ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ರಾಜ್ಯ ಇದು. ಇಷ್ಟು ಹಳೆಯ, ಇಷ್ಟು ವೇಗದ ಕಾರನ್ನು ಇಲ್ಲಿಯ ರಸ್ತೆಯಲ್ಲಿ ಓಡಿಸುವ ಹಕ್ಕು ಬೇಕೆನ್ನುವ ನಾನು ಅದರ ಹೊಗೆಗೆ ಹೊಣೆಯಾಗಲೇಬೇಕು. ಹಳೆಯ ಎಂ50 ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ ಜೋಡಣೆ) ಹಾಕಿಸಿ ಶಕ್ತಿ ಹೆಚ್ಚಿಸಿಕೊಳ್ಳುವ ಆಸೆಯನ್ನೂ ಇದೇ ಕಾರಣಕ್ಕೆ ಬಿಟ್ಟಿದ್ದೇನೆ.

ಫೆಬ್ರವರಿ 22

ಬೆಸುಗೆ ಮುಗಿಯಿತು. ಕೆಲಸ ಬಲ್ಲ ವೆಲ್ಡರ್ ಒಬ್ಬರು ಸೆನ್ಸರ್ ತೆಗೆಸಿ, ಬಿರುಕಿನ ಎರಡೂ ತುದಿಗಳನ್ನು ಚಿಕ್ಕದಾಗಿ ಕೊರೆದು, ಸವೆಸಿ, ಟಿಗ್ ವೆಲ್ಡಿಂಗಿನಲ್ಲಿ ಬಳೆಯ ಸುತ್ತಲೂ ಹೊಸ ಬೆಸುಗೆ ಎಳೆದರು. ಖರ್ಚು 140 ಡಾಲರ್. ಕಂಪ್ಯೂಟರಿನ ರಕ್ಷಣೆಗಾಗಿ ಮೊದಲೇ ಬ್ಯಾಟರಿಯ ತಂತಿ ಬಿಚ್ಚಿದ್ದರಿಂದ ಅದರ ನೆನಪಿನಲ್ಲಿದ್ದ ಸ್ವಯಂ ಪರೀಕ್ಷೆಗಳ ಫಲಿತಾಂಶಗಳೆಲ್ಲ ಅಳಿಸಿಹೋದವು. ಸಂಜೆ ಸಾಬೂನು ನೀರಿನ ಪರೀಕ್ಷೆ ಮತ್ತೆ ಮಾಡಿದೆ. ಎಲ್ಲೂ ನೊರೆಯಿಲ್ಲ. ನಿಂತಲ್ಲೇ ಓಡುವಾಗ ಆಸಿಲೋಸ್ಕೋಪಿನ ಗೆರೆ ಶಾಂತವಾಗಿದೆ.

ಮಾರ್ಚ್ 8

ಅಳಿಸಿಹೋದ ಪರೀಕ್ಷೆಗಳನ್ನು ಕಂಪ್ಯೂಟರ್ ಮತ್ತೆ ನಡೆಸಿ ಮುಗಿಸುವವರೆಗೆ ಸ್ಮಾಗ್ ಕೇಂದ್ರಕ್ಕೆ ಹೋಗಿ ಪ್ರಯೋಜನವಿಲ್ಲ. 1996ರಿಂದ 1999ರವರೆಗಿನ ಪೆಟ್ರೋಲ್ ಕಾರುಗಳಿಗೆ ಅವುಗಳಲ್ಲಿ ಯಾವುದಾದರೂ ಒಂದು ಅಪೂರ್ಣವಾಗಿದ್ದರೆ ವಿನಾಯಿತಿಯುಂಟು, ಎರಡಿದ್ದರೆ ಇಲ್ಲ. ಎರಡು ವಾರಗಳಿಂದ ಬೆಳಗಿನ ಚಳಿಯಲ್ಲಿ ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಕೆಲವು ನಿಮಿಷ ಓಡಲು ಬಿಟ್ಟು, ಆಮೇಲೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವ ಕ್ರಮವನ್ನು ಪಾಲಿಸಿದ್ದೇನೆ. ಟ್ಯಾಂಕಿನಲ್ಲಿ ಪೆಟ್ರೋಲನ್ನು ಕಾಲು ಭಾಗಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ಇರಿಸಿಕೊಂಡೆ.

ತಣ್ಣನೆಯ ಎಂಜಿನ್ ಚಾಲೂ ಆದೊಡನೆ ಬಾನೆಟ್ಟಿನೊಳಗಿಂದ ಕೇಳಿಸುವ ಗುಂಯ್‌ಗುಡುವ ಸದ್ದು ಸೆಕೆಂಡರಿ ಏರ್ ಪಂಪಿನದು. ತಣ್ಣಗಿರುವಾಗ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿರುತ್ತದೆ, ಕನ್ವರ್ಟರ್ ಇನ್ನೂ ಕಾದಿರುವುದಿಲ್ಲ. ಈ ಪಂಪು ಹೊಗೆಯ ಹಾದಿಗೆ ಹೊಸ ಗಾಳಿಯೂಡಿ, ಉಳಿದ ಪೆಟ್ರೋಲ್ ಅಲ್ಲೇ ಉರಿಯುವಂತೆ ಮಾಡಿ ಕನ್ವರ್ಟರನ್ನು ಬೇಗ ಬಿಸಿಯಾಗಿಸುತ್ತದೆ. ಸದ್ದಾಗುತ್ತದೆ ಎಂದು ಇದನ್ನು ಕಿತ್ತು ಹಾಕುವವರಿದ್ದಾರೆ, ಆದರೆ ಊರು ಏಳುವ ಹೊತ್ತಿನ ಆ ಮೊದಲ ನಿಮಿಷದಲ್ಲೇ ಕಾರು ಅತಿ ಹೆಚ್ಚು ಕೊಳಕು ಹೊಗೆ ಬಿಡುವುದು.

ಇಂದು ಸಂಜೆ ಸ್ಕ್ಯಾನರಿನಲ್ಲಿ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಸೆನ್ಸರಿನ ಹೀಟರ್, ಸೆಕೆಂಡರಿ ಏರ್ ನಾಲ್ಕೂ ಪೂರ್ಣ ಎಂದು ತೋರಿಸಿದವು. ಪೆಟ್ರೋಲ್ ಆವಿ ಸೋರುತ್ತದೆಯೇ ಎಂಬ ಪರೀಕ್ಷೆಯೊಂದೇ ಬಾಕಿ. ಕಂಪ್ಯೂಟರಿನಲ್ಲಿ ದಾಖಲಾದ ಕೋಡ್ ಒಂದೂ ಇಲ್ಲ.

ಮಾರ್ಚ್ 15

ಅಧಿಕೃತ ಪರೀಕ್ಷೆಯಲ್ಲಿ ಕಾರು ಪಾಸಾಯಿತು. 15 ಮೈಲಿ ವೇಗದಲ್ಲಿ ಹೈಡ್ರೋಕಾರ್ಬನ್ 11 ಪಿಪಿಎಂ, ಕಾರ್ಬನ್ ಮಾನಾಕ್ಸೈಡ್ ಶೇ. 0.02, ನೈಟ್ರಿಕ್ ಆಕ್ಸೈಡ್ 64 ಪಿಪಿಎಂ. ಕನ್ವರ್ಟರ್ ಹಳೆಯದೇ. ಪರೀಕ್ಷಕರು ಪೆಟ್ರೋಲ್ ಮುಚ್ಚಳವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ಸರಿಯಿದೆ ಎಂದರು, ಆದರೂ ಅದರ ರಬ್ಬರ್ ಉಂಗುರ ಗಟ್ಟಿಯಾಗಿರುವುದನ್ನು ತೋರಿಸಿದರು. ಆವಿಯ ಪರೀಕ್ಷೆ ಇನ್ನೂ ಪೂರ್ಣವಾಗದಿರುವುದಕ್ಕೆ ಅದೇ ಕಾರಣವಿರಬಹುದೆಂದು ಹೊಸ ಮುಚ್ಚಳ ತರಿಸಿದ್ದೇನೆ. ಅದು ಬಂದ ದಿನ ಎರಡನೆಯ ಬ್ಯಾಂಕಿನ ಬಳೆಯ ಬೆಸುಗೆಯನ್ನೂ ಕನ್ನಡಿ ಹಿಡಿದು ನೋಡಬೇಕು. ಅದೂ ಇದರಷ್ಟೇ ಹಳೆಯದು.